ತಾಳೆಗರಿಯ ಬೆನ್ನು ಹತ್ತಿದ ಮಾಸ್ತರರು

ಗುಳೇದಗುಡ್ಡ ಎಂದೊಡನೆ ನೆನಪಾಗುವುದು ಖಣ. ಇಳಕಲ್ಲಿನ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಎಂಬುದು ಉತ್ತರ ಕರ್ನಾಟಕದಲ್ಲಿ ತಲೆಮಾರುಗಳಿಂದ ನಡೆದು ಬಂದ ಜೋಡಿ. ಮದುವೆಯಿರಲಿ, ಸೀಮಂತವಿರಲಿ, ಉಡಿ ತುಂಬುವಾಗ ಖಣ ಇರಲೇಬೇಕು. ಈಚಿನ ವರ್ಷಗಳವರೆಗೂ ಬಾದಾಮಿ ತಾಲ್ಲೂಕಿನಲ್ಲಿದ್ದು, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಓಣಿಗಳಲ್ಲಿ ಮಗ್ಗದ ಸಪ್ಪಳ ಮೊದಲಿನಷ್ಟು ಕೇಳಿಸದಿದ್ದರೂ ಪೂರ್ತಿ ನಿಂತಿಲ್ಲ.

ಆದರೆ ಈ ಊರು ಕನ್ನಡದ ಇನ್ನೊಂದು ನೇಯ್ಗೆಯ ನಡುವೆಯೂ ಇದೆ ಎಂಬುದು ಬಹಳ ಜನರ ಗಮನಕ್ಕೆ ಬಂದಿಲ್ಲ. ಇಲ್ಲಿಂದ ಒಂದು ದಿಕ್ಕಿಗೆ ಹೋದರೆ ಬಾದಾಮಿ; ಅಲ್ಲಿಯ ಬಂಡೆಯ ಮೇಲೆ ಸುಮಾರು 1,300 ವರ್ಷಗಳ ಹಿಂದೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿಯನ್ನು ಕಲ್ಲಿನಲ್ಲಿ ಕಣ್ಣಾರೆ ಕಾಣಬಹುದಾದ ಅತಿ ಹಳೆಯ ತಾಣ ಅದು. ಇನ್ನೊಂದು ದಿಕ್ಕಿಗೆ ಪಟ್ಟದಕಲ್ಲು. ಹುನಗುಂದ ತಾಲ್ಲೂಕಿನತ್ತ ಸಾಗಿದರೆ ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ ಕೂಡಲಸಂಗಮ. ಬಸವಣ್ಣನವರು ತಮ್ಮ ವಚನಗಳ ಕೊನೆಗೆ ಇಟ್ಟ ಅಂಕಿತ ಈ ಊರಿನ ದೇವರ ಹೆಸರು. ಮಗ್ಗದವರಾದರೂ ಹಿಂದೆ ಬಿದ್ದವರಲ್ಲ. ವಚನಕಾರರ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಬರುವ ಹೆಸರುಗಳಲ್ಲಿ ನೇಕಾರ ದಾಸಿಮಯ್ಯನದೂ ಒಂದು.

ಬಸವಣ್ಣನವರ ವಚನವೆಂದು ಇಂದು ಶಾಲೆಯ ಹುಡುಗನೂ ಹೇಳುವ ಸಾಲು ನಿಜಕ್ಕೂ ಬಸವಣ್ಣನವರದೇ? ಹನ್ನೆರಡನೆಯ ಶತಮಾನದಲ್ಲಿ ಆಡಿದ ಮಾತು ಇಪ್ಪತ್ತೊಂದನೆಯ ಶತಮಾನದ ಪಠ್ಯಪುಸ್ತಕಕ್ಕೆ ಯಾವ ದಾರಿಯಿಂದ ಬಂತು? ದಾರಿಯಲ್ಲಿ ಯಾರಾದರೂ ಒಂದೆಳೆ ಬಿಟ್ಟರೇ, ತಮ್ಮದೊಂದು ಎಳೆ ಸೇರಿಸಿದರೇ? ಈ ಪ್ರಶ್ನೆಗಳ ಬೆನ್ನು ಹತ್ತಿ ಅರ್ಧ ಶತಮಾನ ಕಳೆದವರು ಧಾರವಾಡದ ಪ್ರಾಧ್ಯಾಪಕ ಡಾ. ಎಂ.ಎಂ. ಕಲಬುರ್ಗಿ. 2015ರ ಆಗಸ್ಟ್ 30ರ ಬೆಳಿಗ್ಗೆ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದ ಮೇಲೆ ನಾಡಿನ ಆಚೆಗೂ ಅವರ ಹೆಸರು ಹಬ್ಬಿತು. ಆದರೆ ಆ ಸಾವಿನ ಸುದ್ದಿಯ ಕೆಳಗೆ ಅವರು ಮಾಡಿದ ಕೆಲಸ ಮುಚ್ಚಿಹೋದಂತಿದೆ. ಅವರು ಏನು ಓದುತ್ತಿದ್ದರು, ಹೇಗೆ ಓದುತ್ತಿದ್ದರು ಎಂಬುದು ತಿಳಿದವರು ಕಡಿಮೆ.

ಕೆಂಪು ಕಲ್ಲಿನ ಊರು

ಕನ್ನಡದಲ್ಲಿ ಇಂದು ನಮಗೆ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ವಿದ್ವಾಂಸರು ಬಹುಕಾಲ ಜಗ್ಗಾಡಿ, ಕೊನೆಗೆ ಶ್ರೀವಿಜಯನ ಕಡೆಗೆ ವಾಲಿದ್ದಾರೆ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡಿನ ಬಗ್ಗೆ ಹೇಳುವ ಈ ಗ್ರಂಥ, ಕನ್ನಡದ ತಿರುಳು ಎಲ್ಲಿದೆ ಎಂದು ಸೂಚಿಸುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕೊಪಣ ಇಂದಿನ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ, ಒಂಕುಂದ ಬೈಲಹೊಂಗಲದ ಕಡೆಯ ಒಕ್ಕುಂದ. ಪಟ್ಟಿಯ ಮೊದಲಿಗೆ ನಿಂತ ಕಿಸುವೊಳಲು ಎಂದರೆ ಪಟ್ಟದಕಲ್ಲು. ‘ಕಿಸು’ ಎಂದರೆ ಕೆಂಪು, ‘ಪೊಳಲು’ ಎಂದರೆ ಪಟ್ಟಣ. ಗುಳೇದಗುಡ್ಡದಿಂದ ಮಲಪ್ರಭೆಯವರೆಗೂ ಎಲ್ಲಿ ನೋಡಿದರಲ್ಲಿ ಕಾಣುವ ಕೆಂಪು ಮರಳುಗಲ್ಲಿನ ಗುಡ್ಡಗಳನ್ನು ಕಂಡವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಕವಿರಾಜಮಾರ್ಗ’ ಓದಿದವರನ್ನು ಕಾಡುವ ಸಂಗತಿಯೊಂದಿದೆ. ಅದರಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರ ಹೆಸರುಗಳಿವೆ. ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಕವಿಗಳ ಹೆಸರುಗಳಿವೆ. ಚತ್ತಾಣ, ಬೆದಂಡೆ ಎಂಬ ಕಾವ್ಯರೂಪಗಳ ಮಾತಿದೆ. ಆದರೆ ಆ ಗದ್ಯಕಾರರ, ಕವಿಗಳ ಒಂದು ಕೃತಿಯೂ ಉಳಿದಿಲ್ಲ. ಪಂಪ ತನ್ನ ಭಾರತ ಬರೆದದ್ದು 941ರಲ್ಲಿ. ಅದಕ್ಕಿಂತ ಮೊದಲು ಒಂದು ತುಂಬಿದ ಸಾಹಿತ್ಯವೇ ಇತ್ತು; ಅದೆಲ್ಲ ಕಾಣೆಯಾಗಿದೆ. ಸಿಂದಗಿ ತಾಲ್ಲೂಕಿನ ಒಣಭೂಮಿಯಿಂದ ಬಂದ ತರುಣ ಅಧ್ಯಾಪಕನೊಬ್ಬ ತನ್ನ ಡಾಕ್ಟರೇಟ್ ಪದವಿಗೆ ಆರಿಸಿಕೊಂಡದ್ದು ಈ ಕಾಣೆಯಾದ ಸಾಹಿತ್ಯವನ್ನೇ. ಪ್ರಬಂಧದ ಹೆಸರು ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’. ಇದ್ದ ಪುಸ್ತಕದ ಮೇಲೆ ಪುಸ್ತಕ ಬರೆಯುವುದು ಸುಲಭ. ಇಲ್ಲದ ಪುಸ್ತಕಗಳ ಬಗ್ಗೆ ಬರೆಯಲು ಬೇರೆಯೇ ಬಗೆಯ ಎದೆಗಾರಿಕೆ ಬೇಕು.

ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿ ಹುಟ್ಟಿದ್ದು 1938ರ ನವೆಂಬರ್ 28ರಂದು, ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ. ಮನೆತನದ ಊರು ಅದೇ ತಾಲ್ಲೂಕಿನ ಯರಗಲ್ಲ. ಸಿಂದಗಿ, ವಿಜಾಪುರಗಳಲ್ಲಿ ಓದಿ, ಧಾರವಾಡಕ್ಕೆ ಬಂದು, 1962ರಲ್ಲಿ ಎಂ.ಎ. ಮುಗಿಸಿ ಕರ್ನಾಟಕ ಕಾಲೇಜಿನಲ್ಲಿ ಪಾಠ ಹೇಳತೊಡಗಿದರು. 1966ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಸೇರಿದರು. ಮುಂದೆ ಅದರ ಮುಖ್ಯಸ್ಥರಾದರು. 1998ರಿಂದ 2001ರವರೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಹುದ್ದೆಗಳ ಪಟ್ಟಿ ಇಷ್ಟೇ. ಉಳಿದದ್ದೆಲ್ಲ ಓಲೆಯ ಕಟ್ಟುಗಳ ಮುಂದೆ, ಶಾಸನದ ಪಡಿಯಚ್ಚುಗಳ ಮುಂದೆ ಕಳೆದ ವೇಳೆ.

ಓಲೆಯ ಮೇಲಿನ ಅಕ್ಷರ

ವಚನಗಳು ಹೇಗೆ ಉಳಿದವು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಕಾಲದ ಒಂದು ಓಲೆಯೂ ಇಂದು ನಮ್ಮ ಕೈಯಲ್ಲಿಲ್ಲ. ಕಲ್ಯಾಣದ ಗದ್ದಲದ ನಂತರ ಚೆದುರಿದ ಶರಣರ ಬಾಯಲ್ಲಿ, ಅವರ ಶಿಷ್ಯರ ಓಲೆಗಳಲ್ಲಿ ವಚನಗಳು ಅಲೆದಾಡಿದವು. ಅವನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಸಿ, ವಿಂಗಡಿಸಿ, ಕಟ್ಟುಕಟ್ಟಿದ್ದು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲ ಮತ್ತು ಅದರ ಆಚೀಚೆ. ‘ಶೂನ್ಯಸಂಪಾದನೆ’ ಎಂಬ ಗ್ರಂಥವೊಂದನ್ನೇ ನಾಲ್ವರು ನಾಲ್ಕು ಸಲ ಪರಿಷ್ಕರಿಸಿದರು. ಅಂದರೆ ಮಾತು ಆಡಿದ ಕಾಲಕ್ಕೂ ಅದು ಸಂಕಲನದಲ್ಲಿ ನೆಲೆಗೊಂಡ ಕಾಲಕ್ಕೂ ನಡುವೆ ಹೆಚ್ಚುಕಡಿಮೆ ಮುನ್ನೂರು ವರ್ಷ. ಅಲ್ಲಿಂದ ಅಚ್ಚಿನ ಮನೆಗೆ ಬರಲು ಮತ್ತೆ ನಾಲ್ಕೈದು ನೂರು ವರ್ಷ.

ಈ ನಡುವೆ ಓಲೆಗಳು ಹಾಳಾಗುತ್ತಲೇ ಇದ್ದವು. ಒಣಗಿ ಮುರಿಯುತ್ತವೆ, ಗೆದ್ದಲು ತಿನ್ನುತ್ತದೆ. ಹಾಗಾಗಿ ನಕಲು ಮಾಡುತ್ತಲೇ ಇರಬೇಕು. ಕಂಠವೆಂಬ ಲೋಹದ ಲೇಖನಿಯಿಂದ ಗರಿಯನ್ನು ಕೊರೆದು, ಮೇಲೆ ಕಾಡಿಗೆ ಸವರಿದರೆ ಅಕ್ಷರ ಎದ್ದು ಕಾಣುತ್ತದೆ. ಹಳೆಯ ಓಲೆಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವ ಪದ್ಧತಿ ಇಲ್ಲ. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘದ ಭೇದವಿಲ್ಲ. ಓಲೆಯಲ್ಲಿ ‘ಕೊಡು’ ಎಂದು ಕಂಡರೆ ಅದು ಕೊಡುವ ಮಾತೋ, ಪ್ರಾಣಿಯ ಕೋಡೋ ಎಂಬುದನ್ನು ಓದುವವನೇ ನಿರ್ಧರಿಸಬೇಕು. ‘ಮೆಲು’ ಮೆಲ್ಲನೆಯದೂ ಆಗಬಹುದು, ‘ಮೇಲು’ ಕೂಡ ಆಗಬಹುದು. ನಕಲು ಮಾಡುವವನು ತನ್ನ ಕಾಲದ ರೂಢಿಗೆ ತಕ್ಕಂತೆ ಹಳೆಯ ಪಕಾರವನ್ನು ಹಕಾರ ಮಾಡುತ್ತಾನೆ. ಅರ್ಥವಾಗದ ಪದವನ್ನು ಅರ್ಥವಾಗುವ ಪದದಿಂದ ಬದಲಾಯಿಸುತ್ತಾನೆ. ಅವನ ಉದ್ದೇಶ ಕೆಟ್ಟದ್ದಲ್ಲ. ಓದುವವರಿಗೆ ಅನುಕೂಲವಾಗಲಿ ಎಂದೇ ತಿದ್ದುತ್ತಾನೆ. ಸಂಪಾದಕನಿಗೆ ತಲೆನೋವು ತರುವುದು ಇಂಥ ಒಳ್ಳೆಯ ಮನಸ್ಸಿನ ತಿದ್ದುಪಡಿಗಳೇ. ಆದ್ದರಿಂದಲೇ ಎರಡು ಪಾಠಗಳಿದ್ದಾಗ ಸುಲಭವಾದದ್ದನ್ನು ಕೂಡಲೇ ನಂಬಬಾರದು, ಕಠಿಣವಾದದ್ದೇ ಮೂಲವಾಗಿರುವ ಸಂಭವ ಹೆಚ್ಚು ಎಂಬುದು ಗ್ರಂಥಸಂಪಾದನೆಯ ಒಂದು ಹಳೆಯ ಸೂತ್ರ.

ಅಂಕಿತಗಳ ತೊಡಕು ಇನ್ನೊಂದು ಬಗೆಯದು. ವಚನದ ಕೊನೆಯ ಅಂಕಿತವೇ ಅದರ ಒಡೆಯನ ಗುರುತು. ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ದಾಸಿಮಯ್ಯನಿಗೆ ರಾಮನಾಥ. ಆದರೆ ಅಲ್ಲಮನ ಅಂಕಿತವೇ ‘ಗುಹೇಶ್ವರ’, ‘ಗೊಹೇಶ್ವರ’ ಎಂದು ಎರಡು ರೂಪಗಳಲ್ಲಿ ಕಾಣುತ್ತದೆ. ಯಾವುದೋ ಕಾಲದ ಯಾವನೋ ಭಕ್ತ ತಾನು ಕಟ್ಟಿದ ವಚನಕ್ಕೆ ಬಸವಣ್ಣನವರ ಅಂಕಿತವನ್ನೇ ಹಚ್ಚಿರಬಹುದು. ಅಂಥದ್ದಕ್ಕೆ ‘ಪ್ರಕ್ಷಿಪ್ತ’ ಎನ್ನುತ್ತಾರೆ. ಭಾಷೆ, ವಿಚಾರ, ಎಷ್ಟು ಪ್ರತಿಗಳಲ್ಲಿ ಸಿಗುತ್ತದೆ ಎಂಬ ಲೆಕ್ಕ, ಇವುಗಳಿಂದ ಅದನ್ನು ಪತ್ತೆ ಮಾಡಬೇಕು. ಸೋಸುವವನ ಕೈ ಬಿಗಿಯಾದರೆ ನಿಜವಾದ ವಚನವೂ ಹೊರಗೆ ಬೀಳುತ್ತದೆ. ಸಡಿಲವಾದರೆ ಕಂಡವರದೆಲ್ಲ ಒಳಗೆ ಬರುತ್ತದೆ.

ಈ ಕೆಲಸಕ್ಕೆ ಈ ಭಾಗದಲ್ಲಿ ಮೊದಲು ಕೈ ಹಚ್ಚಿದವರು ಪ್ರಾಧ್ಯಾಪಕರಲ್ಲ, ವಕೀಲರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ.ಗು. ಹಳಕಟ್ಟಿಯವರು ಊರೂರು ಸುತ್ತಿ ಓಲೆ ಕೂಡಿಸಿದರು. ಮಠಗಳಲ್ಲಷ್ಟೇ ಅಲ್ಲ, ರಬಕವಿ ಬನಹಟ್ಟಿಯಂಥ ನೇಕಾರರ ಊರುಗಳ ಮನೆಗಳಲ್ಲೂ ಓಲೆಕಟ್ಟುಗಳು ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತ ಕುಳಿತಿದ್ದವು. ಹೂವೇರಿಸುತ್ತಿದ್ದರು, ವಿಭೂತಿ ಹಚ್ಚುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ವಿರಳ. 1923ರಲ್ಲಿ ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಾಗ ಕನ್ನಡಿಗರಿಗೆ ತಮ್ಮ ಮನೆಯ ನಿಧಿ ಕಂಡಿತು. ತಾವೇ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು, ಮೈಮೇಲೆ ಸಾಲ ಹೊತ್ತರು. 1964ರಲ್ಲಿ ತೀರಿಕೊಂಡರು.

ಹಳಕಟ್ಟಿಯವರದು ಉಳಿಸುವ ಆತುರ. ಸಿಕ್ಕ ಪ್ರತಿಯನ್ನು ಅಚ್ಚು ಹಾಕದಿದ್ದರೆ ಅದು ನಾಳೆಗೆ ಇರುತ್ತದೆಂಬ ಭರವಸೆ ಇರಲಿಲ್ಲ. ಹತ್ತು ಪ್ರತಿ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸುವ ಪುರುಸೊತ್ತು ಮುಂದಿನ ತಲೆಮಾರಿಗೆ ಬಂತು. ಮೈಸೂರಿನಲ್ಲಿ ಡಿ.ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಗೆ ಶಾಸ್ತ್ರದ ರೂಪ ಕೊಟ್ಟು 1964ರಲ್ಲಿ ಪುಸ್ತಕ ಬರೆದರು. ಧಾರವಾಡದಲ್ಲಿ ಆರ್.ಸಿ. ಹಿರೇಮಠರು ಕನ್ನಡ ಅಧ್ಯಯನ ಪೀಠದ ಮೂಲಕ ವಚನಗಳ ಪ್ರಕಟಣೆಗೆ ಬಲ ತಂದರು. ಕಲಬುರ್ಗಿ ಈ ಎರಡೂ ದಾರಿಗಳ ವಾರಸುದಾರ. ‘ಕನ್ನಡ ಗ್ರಂಥಸಂಪಾದನ ಶಾಸ್ತ್ರ’ ಎಂಬ ಅವರ ಪುಸ್ತಕ ಹಸ್ತಪ್ರತಿ ಹಿಡಿಯುವ ವಿದ್ಯಾರ್ಥಿಗಳಿಗೆ ಇಂದಿಗೂ ಕೈಪಿಡಿ.

ಅವರ ಕೆಲಸಗಳಲ್ಲೆಲ್ಲ ದೊಡ್ಡದು ‘ಸಮಗ್ರ ವಚನ ಸಂಪುಟ’. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಈ 15 ಸಂಪುಟಗಳಿಗೆ ಅವರು ಪ್ರಧಾನ ಸಂಪಾದಕರು. ಮೊದಲನೆಯದಾದ ಬಸವಣ್ಣನವರ ವಚನ ಸಂಪುಟವನ್ನು ಸ್ವತಃ ಸಂಪಾದಿಸಿದರು. ಶಿವಶರಣೆಯರಿಗೆ ಒಂದು ಪ್ರತ್ಯೇಕ ಸಂಪುಟ. ಹೆಸರು ಹೆಚ್ಚು ಕೇಳಿರದ ವಚನಕಾರರಿಗೆ ಹಲವು ‘ಸಂಕೀರ್ಣ’ ಸಂಪುಟಗಳು. ಕೊನೆಗೆ ವಚನಗಳ ಪಾರಿಭಾಷಿಕ ಪದಗಳಿಗೆ ಕೋಶ. ಇಪ್ಪತ್ತು ಸಾವಿರಕ್ಕೂ ಮೀರಿದ ವಚನಗಳು ಒಂದೇ ಕ್ರಮದಲ್ಲಿ, ಸಂಖ್ಯೆ ಸಮೇತ, ಕಡಿಮೆ ಬೆಲೆಗೆ ಜನರ ಕೈಗೆ ಬಂದವು. ಜಗಲಿಯ ಮೇಲಿದ್ದ ಕಟ್ಟು ಗ್ರಂಥಾಲಯದ ಕಪಾಟಿಗೆ ಇಳಿದದ್ದು ಹೀಗೆ. ಈ ಸಂಪುಟಗಳಲ್ಲೂ ತಪ್ಪುಗಳಿಲ್ಲವೆಂದಲ್ಲ; ಹೊಸ ಓಲೆ ಸಿಕ್ಕಾಗ ಪಾಠ ಬದಲಾಗುವುದು ಈ ವಿದ್ಯೆಯಲ್ಲಿ ಸಹಜ. ಆದರೆ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾದದ್ದೇ ಒಂದು ಕ್ರಮಬದ್ಧ ಆವೃತ್ತಿ ಬಂದ ಮೇಲೆ.

ದೂರದ ಸ್ಪೇನಿನಲ್ಲಿ

ಹಳೆಯ ಪಠ್ಯವೊಂದಕ್ಕೆ ಇಡೀ ಬದುಕು ಕೊಡುವ ಇಂಥ ಹುಚ್ಚು ಕನ್ನಡಕ್ಕಷ್ಟೇ ಸೀಮಿತವಲ್ಲ. ಹಳಕಟ್ಟಿಯವರಿಗಿಂತ ಹನ್ನೊಂದು ವರ್ಷ ಹಿರಿಯನಾದ ಸ್ಪೇನಿನ ರಾಮೋನ್ ಮೆನೆಂದೆಸ್ ಪಿದಾಲ್ ಎಂಬ ವಿದ್ವಾಂಸನ ಕತೆ ಇದಕ್ಕೆ ತೀರ ಹತ್ತಿರದ್ದು. 1869ರಲ್ಲಿ ಹುಟ್ಟಿದ ಈತ 1899ರಲ್ಲಿ ಮ್ಯಾಡ್ರಿಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. ಮಧ್ಯಯುಗದ ಸ್ಪ್ಯಾನಿಷ್ ಸಾಹಿತ್ಯವೇ ಅವನ ಉಸಿರು. ಆ ಭಾಷೆಯ ಮೊದಲ ದೊಡ್ಡ ವೀರಕಾವ್ಯ ‘ಸಿದ್’ ಎಂಬ ದಂಡನಾಯಕನ ಕತೆ. ಅದು ಉಳಿದಿರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ. ಅದಕ್ಕೂ ಮೊದಲ ಹಾಳೆ ಇಲ್ಲ. 1908ರಿಂದ 1911ರವರೆಗೆ ಪಿದಾಲ್ ಅದರ ಪಠ್ಯ, ವ್ಯಾಕರಣ, ಪದಕೋಶಗಳನ್ನು ಮೂರು ಸಂಪುಟಗಳಲ್ಲಿ ಹೊರತಂದ. ಮಸುಕಾದ ಅಕ್ಷರ ಓದಲು ವಿದ್ವಾಂಸರು ಒಬ್ಬರ ಮೇಲೊಬ್ಬರು ಹಚ್ಚಿದ ರಾಸಾಯನಿಕಗಳಿಂದ ಆ ಹಾಳೆಗಳು ಮತ್ತಷ್ಟು ಕಪ್ಪಾದವು ಎಂಬುದು ಈ ಕತೆಯ ದುಃಖದ ಭಾಗ. ಓದುವ ಹಂಬಲವೂ ಓಲೆಗೆ ಹಾನಿ ಮಾಡಬಲ್ಲದು.

1900ರಲ್ಲಿ ಪಿದಾಲ್ ಮದುವೆಯಾದ ಹೊಸತರಲ್ಲಿ ಹೆಂಡತಿ ಮರಿಯಾ ಗೋಯ್ರಿಯೊಡನೆ ಸಿದ್‌ನ ದಾರಿ ಹಿಡಿದು ಪ್ರವಾಸ ಹೊರಟ. ಓಸ್ಮಾ ಎಂಬ ಊರಿನಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳು ಹಾಡು ಹೇಳಿದಳು. ಕೇಳುತ್ತ ಕೇಳುತ್ತ ಗಂಡಹೆಂಡತಿಗೆ ಗೊತ್ತಾಯಿತು, ಅದು 1497ರಲ್ಲಿ ತೀರಿಕೊಂಡ ರಾಜಕುಮಾರನೊಬ್ಬನ ಸಾವಿನ ಲಾವಣಿ. ನಾನೂರು ವರ್ಷ ಅದು ಬಾಯಿಂದ ಬಾಯಿಗೆ ಬಂದಿತ್ತು. ಅಂದಿನಿಂದ ಪಿದಾಲ್ ಗ್ರಂಥಾಲಯದ ಜತೆಗೆ ಹಳ್ಳಿಗಳಿಗೂ ಕಿವಿ ಕೊಟ್ಟ. ಬೀಸುವ ಹಾಡು, ಕುಟ್ಟುವ ಹಾಡುಗಳಲ್ಲಿ ತ್ರಿಪದಿಯನ್ನು ಕೇಳಿ ಬೆಳೆದ ಬಾದಾಮಿ ಸೀಮೆಯವರಿಗೆ ಇದು ಅಚ್ಚರಿಯ ಮಾತಲ್ಲ. ಅರಭಟ್ಟನ ಬಂಡೆಯ ಮೇಲಿನ ಮಟ್ಟು ಮೊನ್ನೆ ಮೊನ್ನೆಯವರೆಗೂ ಬೀಸುಕಲ್ಲಿನ ಮುಂದೆ ಕೇಳಿಸುತ್ತಿತ್ತು.

ಪಿದಾಲ್ 1968ರಲ್ಲಿ ತೀರಿಕೊಂಡಾಗ ನೂರಕ್ಕೆ ಕೆಲವೇ ತಿಂಗಳು ಕಡಿಮೆ. ಅವನ ಕಾಲದಲ್ಲೂ ಸ್ಪೇನ್ ಅಂತರ್ಯುದ್ಧದಲ್ಲಿ ಬೆಂದಿತು. ಆತ ದೇಶ ಬಿಟ್ಟು ಹೋಗಿ ಬರಬೇಕಾಯಿತು. ಅವನ ಪಾಠನಿರ್ಣಯಗಳನ್ನು ಮುಂದಿನವರು ಒಪ್ಪದೆಯೂ ಇದ್ದಾರೆ. ಸಿದ್ ತೀರಿ ಒಂಬತ್ತು ಶತಮಾನ ಕಳೆದಿದೆ. ಅವನ ಬಗ್ಗೆ ಒಂದು ಸಾಲು ತಿದ್ದಿದರೆ ವಿದ್ವಾಂಸರು ವಾದಿಸಿಯಾರು. ಅವನನ್ನು ಮನೆದೇವರೆಂದು ಪೂಜಿಸುವವರಿಲ್ಲ. ಕನ್ನಡದ ಸಂಶೋಧಕನ ಕಷ್ಟ ಇಲ್ಲಿಯೇ ಬೇರೆಯಾಗುವುದು. ಬಸವಣ್ಣ ಗ್ರಂಥಾಲಯದ ವಸ್ತುವಲ್ಲ. ಕೋಟಿ ಜನರ ಪಾಲಿಗೆ ಇಂದಿಗೂ ಗುರು.

ಕಲ್ಲಿನ ಸಾಕ್ಷಿ, ಜನರ ಸಿಟ್ಟು

ಕಲಬುರ್ಗಿಯವರ ಓದಿನ ಕ್ರಮವೇ ಅಂಥದ್ದು. ಪುರಾಣ ಹೇಳಿದ್ದನ್ನು ಅವರು ಹಾಗೇ ನಂಬುವವರಲ್ಲ. ಅದನ್ನು ಶಾಸನದ ಪಕ್ಕದಲ್ಲಿಟ್ಟು ನೋಡಬೇಕು. ಕಾವ್ಯ ಹಿಗ್ಗಿಸುತ್ತದೆ, ಕಲ್ಲು ದಾನ ಕೊಟ್ಟವನ ಹೆಸರು, ತಿಥಿ, ಭೂಮಿಯ ಅಳತೆ ಹೇಳಿ ಸುಮ್ಮನಾಗುತ್ತದೆ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಸಿಕ್ಕ 1260ರ ಶಾಸನ ಸಂಗನ ಬಸವನ ಹೆಸರು ಹೇಳುತ್ತದೆ. ಬಸವಣ್ಣನವರ ಕಾಲಕ್ಕೆ ನೂರು ವರ್ಷದೊಳಗಿನ ಈ ಕಲ್ಲು, ನಂತರದ ಪುರಾಣಗಳ ನೂರು ಪುಟಕ್ಕೆ ಸಮ. ಕಲಬುರ್ಗಿಯವರ ‘ಶಾಸನಗಳಲ್ಲಿ ಶಿವಶರಣರು’ ಎಂಬ ಪುಸ್ತಕ ಇಂಥ ಕಲ್ಲುಗಳನ್ನೆಲ್ಲ ಒಂದೆಡೆ ತಂದಿತು. ಊರ ಹೆಸರು, ಜನರ ಹೆಸರುಗಳ ಅಧ್ಯಯನಕ್ಕೆ ‘ಕನ್ನಡ ನಾಮವಿಜ್ಞಾನ’ ಬರೆದರು. ಬಿಡಿ ಲೇಖನಗಳೆಲ್ಲ ‘ಮಾರ್ಗ’ ಎಂಬ ಹೆಸರಿನ ಸಂಪುಟಗಳಾಗಿ ಬಂದವು. ತರುಣ ವಯಸ್ಸಿನಲ್ಲಿ ಕೈಹಿಡಿದ ‘ಕವಿರಾಜಮಾರ್ಗ’ವನ್ನು ಆ ಹೆಸರು ನೆನಪಿಗೆ ತರುತ್ತದೆ. ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮೊದಲ ಸಂಪುಟದ ಪಾಡು ಬೇರೆ. 1989ರಲ್ಲಿ ಅದರೊಳಗಿನ, ಬಸವಣ್ಣನವರ ಪತ್ನಿ ಹಾಗೂ ಅಕ್ಕನಿಗೆ ಸಂಬಂಧಿಸಿದ ವಿವೇಚನೆ ದೊಡ್ಡ ವಿವಾದ ಎಬ್ಬಿಸಿತು. ಭಕ್ತರು ನೊಂದರು, ಸಭೆ, ಖಂಡನೆ, ಒತ್ತಡ ಎಲ್ಲವೂ ನಡೆದವು. ಕೊನೆಗೆ ಕಲಬುರ್ಗಿ ಆ ಭಾಗಗಳನ್ನು ಹಿಂತೆಗೆದುಕೊಂಡರು. ವಿಷಯದಲ್ಲಿ ಅವರು ಸರಿಯೋ ತಪ್ಪೋ ಎಂಬುದು ವಿದ್ವಾಂಸರು ಸಾಕ್ಷಿ ಮುಂದಿಟ್ಟು ತೀರ್ಮಾನಿಸಬೇಕಾದ ಮಾತು. ಆ ತೀರ್ಮಾನಕ್ಕೆ ಅವಕಾಶವೇ ಇಲ್ಲದೆ ಹೋದದ್ದು ನಷ್ಟ. ಹಾಗೆಂದು ಅವರು ಓದು ಬಿಡಲಿಲ್ಲ. ನಾಲ್ಕು ವರ್ಷಕ್ಕೆ ‘ಸಮಗ್ರ ವಚನ ಸಂಪುಟ’ ಹೊರಬಂತು ಎಂಬುದನ್ನು ನೆನೆದರೆ, ಆ ದಿನಗಳಲ್ಲಿ ಮೇಜಿನ ಮೇಲೆ ಏನಿತ್ತು ಎಂಬುದು ತಿಳಿಯುತ್ತದೆ.

ಒಂದು ಪದಕ್ಕೆ ಎಷ್ಟು ತೂಕವಿದೆ ಎಂಬುದನ್ನು ನಾಡು ಇನ್ನೊಂದು ಪ್ರಕರಣದಲ್ಲಿ ಕಂಡಿತು. ಕೂಡಲಸಂಗಮದ ಮಾತೆ ಮಹಾದೇವಿಯವರು ತಮ್ಮ ‘ವಚನದೀಪ್ತಿ’ ಗ್ರಂಥದಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತದ ಜಾಗದಲ್ಲಿ ‘ಲಿಂಗದೇವ’ ಎಂದು ಅಚ್ಚು ಹಾಕಿಸಿದರು. ಸ್ಥಳದ ದೇವರ ಹೆಸರಿಗಿಂತ ಇಷ್ಟಲಿಂಗದ ತತ್ವಕ್ಕೆ ಅದೇ ಹೊಂದುತ್ತದೆ ಎಂಬುದು ಅವರ ನಿಲುವು. ಭಕ್ತರಲ್ಲಿ ಸಿಟ್ಟು ಎದ್ದಿತು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು. ಗ್ರಂಥಸಂಪಾದನೆಯ ದೃಷ್ಟಿಯಿಂದ ಉತ್ತರ ಸರಳ: ಓಲೆಗಳು ಏನು ಹೇಳುತ್ತವೆಯೋ ಅದನ್ನೇ ಅಚ್ಚು ಹಾಕಬೇಕು, ತನ್ನ ವ್ಯಾಖ್ಯಾನವನ್ನು ಅಡಿಟಿಪ್ಪಣಿಯಲ್ಲಿ ಬರೆಯಬೇಕು. ಆದರೆ ಅಡಿಟಿಪ್ಪಣಿಯಲ್ಲಿ ಮುಗಿಯಬೇಕಾದ ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಗುಳೇದಗುಡ್ಡದಂಥ ಮಗ್ಗದ ಊರುಗಳಿಗೆ ಇನ್ನಷ್ಟು ಹತ್ತಿರದ ಪ್ರಶ್ನೆ ದಾಸಿಮಯ್ಯನದು. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಎಂಬ ಎರಡು ಹೆಸರುಗಳು ಒಬ್ಬನವೋ ಇಬ್ಬರವೋ? ಒಂದು ವಾದದ ಪ್ರಕಾರ ರಾಮನಾಥ ಅಂಕಿತದ ವಚನಕಾರ ನೇಕಾರನೇ ಬೇರೆ, ಚಾಲುಕ್ಯರ ರಾಣಿಗೆ ದೀಕ್ಷೆ ಕೊಟ್ಟನೆಂದು ಪುರಾಣ ಹೇಳುವ ಗುರುವೇ ಬೇರೆ. ಇನ್ನೊಂದು ವಾದದ ಪ್ರಕಾರ ಇಬ್ಬರೂ ಒಬ್ಬನೇ. ಹಾಳೆಯ ಮೇಲೆ ಇದು ಕಾಲನಿರ್ಣಯದ ಲೆಕ್ಕ. ಆದರೆ ವರ್ಷಕ್ಕೊಮ್ಮೆ ಜಯಂತಿ ಮಾಡಿ, ತಮ್ಮ ಕಸುಬಿನವನೇ ಆದ್ಯ ವಚನಕಾರನೆಂದು ಹೆಮ್ಮೆಪಡುವವರಿಗೆ ಅದು ಲೆಕ್ಕವಲ್ಲ, ಮನೆತನದ ಮಾತು. ಇಂಥವರ ಹಿರಿಯರೇ ಓಲೆಗಳನ್ನು ಜಗಲಿಯ ಮೇಲಿಟ್ಟು ಉಳಿಸಿದ್ದು ಎಂಬುದನ್ನು ಪಂಡಿತರು ಮರೆಯುವಂತಿಲ್ಲ. ಪೂಜೆ ಇಲ್ಲದಿದ್ದರೆ ಓಲೆ ಉಳಿಯುತ್ತಿರಲಿಲ್ಲ. ಪೂಜೆಯೊಂದೇ ಆಗಿದ್ದರೆ ಅದರಲ್ಲಿ ಏನಿದೆಯೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಿವೃತ್ತಿಯ ನಂತರ ಕಲಬುರ್ಗಿ ಹಿಡಿದ ಕೆಲಸ ಅನೇಕರಿಗೆ ಅನಿರೀಕ್ಷಿತವಾಗಿತ್ತು. ವಿಜಾಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರದ ಮೂಲಕ ಆದಿಲ್‌ಶಾಹಿ ಕಾಲದ ಫಾರಸಿ, ದಖನಿ ಮೊದಲಾದ ಭಾಷೆಗಳ ಗ್ರಂಥಗಳನ್ನು ಕನ್ನಡಕ್ಕೆ ತರುವ ಯೋಜನೆಗೆ ಅವರು ಹೆಗಲು ಕೊಟ್ಟರು. ಬಾದಾಮಿ, ಗುಳೇದಗುಡ್ಡ, ಹುನಗುಂದದ ಸೀಮೆಯೆಲ್ಲ ಒಂದು ಕಾಲಕ್ಕೆ ವಿಜಾಪುರದ ಆಳ್ವಿಕೆಯಲ್ಲಿದ್ದದ್ದೇ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ದಖನಿಯಲ್ಲಿ ‘ಕಿತಾಬೆ ನವರಸ’ ಎಂಬ ಹಾಡುಗಳ ಪುಸ್ತಕ ಬರೆದವನು. ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯೂ ಇದೆ. ಈ ನಾಡಿನ ಎರಡು ಶತಮಾನಗಳ ಕತೆ ಕನ್ನಡಿಗರಿಗೆ ಓದಲು ಬಾರದ ಲಿಪಿಯಲ್ಲಿ ಬಿದ್ದಿತ್ತು. ಸ್ಪೇನಿನಲ್ಲೂ ಹೀಗೇ ಆಗಿತ್ತು. ಅಲ್ಲಿಯ ಆಡುನುಡಿಯ ಅತಿ ಹಳೆಯ ಪ್ರೇಮಗೀತೆಯ ಸಾಲುಗಳು ಹೀಬ್ರೂ, ಅರಬ್ಬಿ ಕವಿತೆಗಳ ತುದಿಯಲ್ಲಿ, ಆ ಲಿಪಿಗಳಲ್ಲೇ ಅಡಗಿವೆ ಎಂಬುದನ್ನು 1948ರಲ್ಲಿ ಸ್ಯಾಮ್ಯುಯೆಲ್ ಸ್ಟರ್ನ್ ಎಂಬ ವಿದ್ವಾಂಸ ತೋರಿಸಿಕೊಟ್ಟಾಗ, ಆ ಸಾಹಿತ್ಯದ ಚರಿತ್ರೆಯ ಮೊದಲ ಅಧ್ಯಾಯವನ್ನೇ ಹೊಸದಾಗಿ ಬರೆಯಬೇಕಾಯಿತು. ತನ್ನ ಭಾಷೆಯ ಚರಿತ್ರೆ ಪರರ ಲಿಪಿಯಲ್ಲೂ ಸಿಗಬಹುದೆಂಬ ತಿಳಿವಳಿಕೆ ವಚನಗಳ ಸಂಪಾದಕನಿಗೆ ಇದ್ದದ್ದು ದೊಡ್ಡ ಮಾತು.

2014ರಲ್ಲಿ ಮೂರ್ತಿಪೂಜೆ ಕುರಿತು ಸಭೆಯೊಂದರಲ್ಲಿ ಆಡಿದ ಮಾತಿಗೆ ಮತ್ತೆ ಗದ್ದಲವೆದ್ದಿತು. ಮರುವರ್ಷ ಆಗಸ್ಟಿನಲ್ಲಿ ಧಾರವಾಡದ ಕಲ್ಯಾಣನಗರದ ಮನೆಗೆ ಬಂದವರು ಗುಂಡು ಹಾರಿಸಿದರು. ಅವರಿಗೆ ಆಗ 76 ವರ್ಷ. ಕೊಲೆಯ ಹಿಂದೆ ಯಾರಿದ್ದರು, ಏಕೆ ಎಂಬುದು ನ್ಯಾಯಾಲಯಕ್ಕೆ ಬಿಟ್ಟ ವಿಷಯ. ಅದನ್ನು ಅವರ ಸಂಶೋಧನೆಯ ಯಾವುದೋ ಒಂದು ಪುಟಕ್ಕೆ ಗಂಟು ಹಾಕುವುದು ಸರಿಯಾಗದು. ಕೈಯಲ್ಲಿದ್ದ ಎಷ್ಟೋ ಕೆಲಸ ಅರ್ಧಕ್ಕೆ ನಿಂತಿತು ಎಂಬುದಂತೂ ಖರೆ.

ನಿಲ್ಲದೆ ಮುಂದುವರಿದ ಕೆಲಸವೊಂದಿದೆ. ಬೆಂಗಳೂರಿನ ಬಸವ ಸಮಿತಿಗಾಗಿ ಅವರು ಸಾವಿರಾರು ವಚನಗಳಿಂದ ಸುಮಾರು 2,500ನ್ನು ಆಯ್ದುಕೊಟ್ಟಿದ್ದರು. ಯಾವ ವಚನ ಬೇಕು, ಯಾವುದು ಬೇಡ, ಯಾವ ಪಾಠ ಸರಿ ಎಂಬುದು ಅವರದೇ ನಿರ್ಣಯ. ಆ ಆಯ್ಕೆ ದೇಶದ ಹಲವು ಭಾಷೆಗಳಿಗೆ ಅನುವಾದವಾಯಿತು. 2017ರ ಏಪ್ರಿಲ್ 29ರ ಬಸವ ಜಯಂತಿಯಂದು ದೆಹಲಿಯಲ್ಲಿ ಪ್ರಧಾನಮಂತ್ರಿಯವರು 23 ಭಾಷೆಗಳ ಈ ವಚನಾನುವಾದಗಳನ್ನು ಬಿಡುಗಡೆ ಮಾಡಿದರು. ಅಂದಿಗೆ ಅವರು ತೀರಿಕೊಂಡು ಇಪ್ಪತ್ತು ತಿಂಗಳಾಗಿತ್ತು.